ಒಂದು ಬೆರಳಿನ ಜಾಗ

ನಮ್ಮ ಎದುರುಮನೆಯವನನ್ನು ಇಡೀ ಕಟ್ಟಡ 'ಮುಕ್ಕಾಲು' ಎಂದು ಕರೆಯುತ್ತದೆ. ಇದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನೇ ದುಡಿದು ಸಂಪಾದಿಸಿಕೊಂಡದ್ದು. ಅವನು ಶುರುಮಾಡಿದ ಯಾವ ಕೆಲಸವೂ ಮುಕ್ಕಾಲಿನ ಗಡಿ ದಾಟಿದ್ದಿಲ್ಲ. ಅವನ ಬಾಲ್ಕನಿಯ ಗೋಡೆಗೆ ಕೈ ಎಟಕುವವರೆಗೆ ನೀಲಿ ಬಣ್ಣ, ಅಲ್ಲಿಂದ ಮೇಲೆ ಹಳೆಯ ಸುಣ್ಣ. ಪುಸ್ತಕದ ಕಪಾಟಿಗೆ ಕೀಲುಗಳಿವೆ, ಬಾಗಿಲಿಲ್ಲ. ಕರೆಗಂಟೆಯನ್ನೂ ಅವನೇ ಕೂರಿಸಿದ. ಎಲ್ಲರ ಮನೆಯ ಗಂಟೆ 'ಟಿಂಗ್ ಟಾಂಗ್' ಎಂದರೆ ಅವನದು 'ಟಿಂಗ್' ಎಂದು ಸುಮ್ಮನಾಗುತ್ತದೆ. ಹೊಸದಾಗಿ ಬಂದವರು ಉಳಿದದ್ದು ಕೇಳಿಸಲಿ ಎಂದು ಬಾಗಿಲ ಹೊರಗೆ ಸ್ವಲ್ಪ ಹೊತ್ತು ಕಾಯುತ್ತಾರೆ.

ಆಸಾಮಿ ಕೆಟ್ಟವನಲ್ಲ. ಬಸ್ ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರುತ್ತಾನೆ. ಒಂಟಿ ಚಪ್ಪಲಿ, ಒಂಟಿ ಕೈಗವಸು, ಡಬ್ಬಿಯಿಲ್ಲದ ಮುಚ್ಚಳ ಇವುಗಳ ನಡುವೆ ಇಷ್ಟು ವರ್ಷ ಕೂತವನಿಗೆ ಪೂರ್ತಿಯಾದ ವಸ್ತುವಿನ ಮೇಲೆ ನಂಬಿಕೆಯೇ ಹೋಗಿರಬಹುದು. ನಾನಾದರೋ ಮುದ್ರಣಾಲಯದಲ್ಲಿ ಪ್ರೂಫ್ ನೋಡುವವನು. ಎಲ್ಲಾದರೂ ಅಕ್ಷರ ಬಿಟ್ಟುಹೋದದ್ದು ಕಂಡರೆ ನನಗೆ ಊಟ ಸೇರುವುದಿಲ್ಲ. ನಮ್ಮಿಬ್ಬರ ಸ್ನೇಹ ಹೇಗೆ ಉಳಿದಿದೆಯೋ ತಿಳಿಯದು. ನನ್ನ ಡ್ರಿಲ್ ಸದಾ ಅವನ ಮನೆಯಲ್ಲಿರುವುದು ಒಂದು ಕಾರಣವಿದ್ದೀತು.

ಈ ಪ್ರಕರಣ ಶುರುವಾದದ್ದೂ ಬಿಟ್ಟುಹೋದ ಒಂದು ಅಕ್ಷರದಿಂದಲೇ.

ಮುಕ್ಕಾಲುವಿನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗನ ಮನೆಯಲ್ಲಿ ನುಣುಪಾದ ಕಲ್ಲಿನ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕೋಲು ಹಿಡಿದು, ಗೋಡೆ ಹಿಡಿದು ನಡೆಯಬೇಕು ಎಂದು ಡಾಕ್ಟರು ಹೇಳಿದರು. ಕಣ್ಣು ಮೊದಲೇ ಮಂಜು. ಆಸ್ಪತ್ರೆಯ ಓಣಿಯಲ್ಲಿ ಬಂಧುಗಳೆಲ್ಲ ಸೇರಿ ಮುಂದೇನು ಎಂದು ಚರ್ಚಿಸುತ್ತಿದ್ದರು. ಚರ್ಚೆಗೆ ಒಳಗಾದವರು ಬಾಗಿಲಾಚೆ ಹಾಸಿಗೆಯಲ್ಲಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ನಾನು ಕಾಫಿಯ ಫ್ಲಾಸ್ಕ್ ಹಿಡಿದು ಗೋಡೆಗೆ ಒರಗಿದ್ದೆ.

ಮಗ ಲಿಫ್ಟ್ ಇನ್‌ಸ್ಪೆಕ್ಟರ್. ಊರಿನ ಎಲ್ಲ ಲಿಫ್ಟುಗಳೂ ಆತನ ಸಹಿಯಾದ ಮೇಲೆಯೇ ಮೇಲೇರಬೇಕು. ಮುಕ್ಕಾಲುವಿಗೆ ಆತ ಭಾವ. ಮಾತು ಖಂಡತುಂಡ.

"ನಮ್ಮನೇಲಿ ಕಲ್ಲಿನ ನೆಲ. ಜಾರತ್ತೆ, ಕೊರೆಯತ್ತೆ. ನಿಮ್ಮನೇಲೂ ಕಲ್ಲೇ. ಹಾಗಾಗಿ ವೃದ್ಧರ ಆರೈಕೆ ಮನೇಲಿ ಒಂದು ಮಂಚ ಹಿಡಿದಿಟ್ಟಿದೀನಿ. ಅಲ್ಲಿ ಎಲ್ಲಾ ಬೆಳ್ಳಗೆ, ಚೊಕ್ಕಟವಾಗಿದೆ," ಎಂದ.

ಮುಕ್ಕಾಲುವಿನ ಹೆಂಡತಿ ತಾಯಿಯ ಚಪ್ಪಲಿಗಳನ್ನು ಕವರಿನಲ್ಲಿ ಹಾಕಿ ಎದೆಗೆ ಅವುಚಿಕೊಂಡು ನಿಂತಿದ್ದಳು. ಕವರು ಸರಪರ ಎಂದಿತು. ಆ ಸದ್ದು ಕೇಳಿ ಮುಕ್ಕಾಲುವಿಗೆ ಏನಾಯಿತೋ ಏನೋ, ಬಾಯಿ ಹಾಕಿದ.

"ಬೇಡ ಭಾವ. ಅತ್ತೆ ನಮ್ಮನೆಗೇ ಬರ್ಲಿ. ಆ ಚಿಕ್ಕ ರೂಮಿಗೆ ತೇಲೋ ನೆಲ ಹಾಕಿಸ್ತೀನಿ. ಮರದ್ದು. ಜಾರಲ್ಲ, ಬೆಚ್ಚಗಿರತ್ತೆ."

ಓಣಿಯಲ್ಲಿದ್ದ ಅಷ್ಟೂ ಮುಖಗಳು ಅವನ ಕಡೆ ತಿರುಗಿದವು. ಇಷ್ಟು ಜನ ಬಂಧುಗಳು ಒಟ್ಟಿಗೆ ಅವನ ಕಡೆ ನೋಡಿದ್ದು ಅವನ ಮದುವೆಯ ನಂತರ ಇದೇ ಮೊದಲು. ಅವನ ಎದೆ ಉಬ್ಬಿತು.

"ಹಾಕ್ತೀನಿ," ಎಂದ. "ನಾನೇ ಹಾಕ್ತೀನಿ."

ಗಮನಿಸಬೇಕು. 'ಹಾಕಿಸ್ತೀನಿ' ಎಂಬಲ್ಲಿಂದ ಒಂದು 'ಸ' ಬಿದ್ದುಹೋಯಿತು. ಹಾಕಿಸುವವನಿಗೂ ಹಾಕುವವನಿಗೂ ನಡುವೆ ಇರುವುದು ಅಷ್ಟೇ. ಆದರೆ ಆ ಒಂದಕ್ಷರದೊಳಗೆ ಬಡಗಿ, ಅವನ ಗರಗಸ, ಅವನ ಅನುಭವ ಎಲ್ಲವೂ ಕೂತಿರುತ್ತವೆ. ನಾನು ವೃತ್ತಿಧರ್ಮ ಬಿಡದೆ ಕೆಮ್ಮಿ ಎಚ್ಚರಿಸಿದೆ. ಅವನು ನನಗೆ ನೆಗಡಿಯಾಗಿದೆ ಎಂದುಕೊಂಡ.

ಭಾವ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮುಗಿಸ್ತೀರಾ?"

"ಮುಗಿಸ್ತೀನಿ."

"ನೋಡಿ, ನಾನು ಲಿಫ್ಟ್ ನೋಡೋನು. ಅರ್ಧಂಬರ್ಧ ಆಗಿರೋ ಲಿಫ್ಟನ್ನ ನಾನು ಪಾಸೂ ಮಾಡಲ್ಲ, ಫೇಲೂ ಮಾಡಲ್ಲ. ಪೂರ್ತಿ ಆದ್ಮೇಲೆ ಹತ್ತಿ ನಿಂತು ನೋಡ್ತೀನಿ. ಆಮೇಲೇ ತೀರ್ಮಾನ. ಬರೋ ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ನೆಲ ಪಾಸಾದ್ರೆ ಅಮ್ಮ ಅಲ್ಲೇ ಇರ್ಲಿ. ಇಲ್ಲಾಂದ್ರೆ ಅಲ್ಲಿಂದ ನೇರ ಆರೈಕೆ ಮನೆಗೆ."

ಹೆಂಡತಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಕೃತಜ್ಞತೆಯೂ ಗಾಬರಿಯೂ ಸರಿಸಮವಾಗಿ ಇದ್ದವು.

ತೇಲುವ ನೆಲ ಎಂದರೇನೆಂದು ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮರದ ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಕೂಡಿಸಿ, ಹಳೆಯ ನೆಲದ ಮೇಲೆ ಚಾಪೆಯ ಹಾಗೆ ಹಾಸುವುದು. ಮೊಳೆ ಹೊಡೆಯುವಂತಿಲ್ಲ, ಕೆಳಕ್ಕೆ ಅಂಟಿಸುವಂತಿಲ್ಲ. ಹಲಗೆ ಸೆಕೆಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆ ಗೋಡೆಯ ಬದಿಗೆ ಕೊಂಚ ಜಾಗ ಬಿಡಬೇಕು. ಆ ಸಂದು ಕಾಣದಂತೆ ಗೋಡೆಯ ಬುಡದಲ್ಲಿ ಸುತ್ತಲೂ ಸ್ಕರ್ಟಿಂಗ್ ಪಟ್ಟಿ ಹೊಡೆಯಬೇಕು. ಇಷ್ಟೇ ವಿದ್ಯೆ. ಈಗ ಇದನ್ನೆಲ್ಲ ನಾನು ಸಲೀಸಾಗಿ ಹೇಳುತ್ತಿದ್ದೇನೆ. ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವನು ಒಂದು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, ಬಿಟ್ಟುಳಿದ ಬಲಗೈಯಲ್ಲಿ ನಮ್ಮೊಡನೆ ವ್ಯವಹರಿಸುತ್ತಿದ್ದ. ಮುಕ್ಕಾಲು ಬೂದುಬಿಳಿ ಬಣ್ಣದ ಹಲಗೆ ಆರಿಸಿದ. ಬಿಳಿಯ ಸ್ಕರ್ಟಿಂಗ್ ಪಟ್ಟಿ ಆರಿಸಿದ. ಹೊರಡುವಾಗ ಜವಾಬ್ದಾರಿಯುತ ಗೃಹಸ್ಥನಂತೆ ಕೇಳಿದ.

"ಗೋಡೆ ಹತ್ರ ಎಷ್ಟು ಜಾಗ ಬಿಡ್ಬೇಕು?"

ಅಂಗಡಿಯವನು ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದ. "ಒಂದು ಬೆರಳು ಬಿಡಿ ಸಾರ್. ನಾಲ್ಕೂ ಕಡೆ. ನೆಲ ಉಸಿರಾಡ್ಬೇಕು."

ಮುಕ್ಕಾಲು ಆ ಬೆರಳನ್ನು ಉಗುರಿನಿಂದ ಬುಡದವರೆಗೆ ನೋಡಿದ. ನೀಳವಾದ ಬೆರಳು.

"ಪೂರ್ತಿ ಬೆರಳಾ?"

"ಪೂರ್ತಿ ಬೆರಳು! ಜಿಪುಣತನ ಮಾಡಿದ್ರೆ ನೆಲ ಉಬ್ಬಿ ಎದ್ದು ಕೂರತ್ತೆ. ಆಮೇಲೆ ನನ್ನ ಬೈಬೇಡಿ."

ಬೆರಳಿಗೆ ಉದ್ದವಲ್ಲದೆ ಅಗಲವೆಂಬುದೂ ಒಂದಿದೆ ಎಂದು ಮುಕ್ಕಾಲುವಿಗೆ ಹೊಳೆಯಲಿಲ್ಲ. ನಾನು ಅಂಗಡಿಯ ಬೋರ್ಡಿನಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ನೋಡಿ ನೊಂದುಕೊಳ್ಳುತ್ತಿದ್ದೆ.

ಕೆಲಸ ಶುರುವಾಯಿತು. ಮುಕ್ಕಾಲು ಡಿಪೋಗೆ ರಜೆ ಹಾಕಿ, ಕೋಣೆಯ ಬಾಗಿಲು ಮುಚ್ಚಿಕೊಂಡು, ಮುಗಿಯುವವರೆಗೆ ಯಾರೂ ಒಳಗೆ ಬರಕೂಡದು ಎಂದು ಅಪ್ಪಣೆ ಹೊರಡಿಸಿದ. ಒಳಗಿನಿಂದ ಠಕ ಠಕ ಸದ್ದು ಮಾತ್ರ ಬರುತ್ತಿತ್ತು. ಸದ್ದು ಮೇಲಕ್ಕಿಂತ ಕೆಳಕ್ಕೆ ಹೆಚ್ಚು ಹೋಗುತ್ತದೆ. ಕೆಳಗಿನ ಮನೆಯಲ್ಲಿ ಇರುವವರು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಸದ್ದನ್ನು ಹುಡುಕಿಕೊಂಡು ಹೋಗುವುದೇ ಅವರ ಹವ್ಯಾಸ. ಇಲ್ಲಿ ಸದ್ದೇ ಅವರನ್ನು ಹುಡುಕಿಕೊಂಡು ಬಂದಿತ್ತು. ಮೆಟ್ಟಿಲ ಮೇಲೆ ಮುಕ್ಕಾಲುವನ್ನು ಅಡ್ಡಹಾಕಿದರು.

"ಏನ್ರೀ ಅದು ಮೇಲೆ?"

"ತೇಲೋ ನೆಲ ಹಾಕ್ತಿದೀನಿ ಸಾರ್."

"ತೇಲೋದಾ? ಯಾತರ ಮೇಲೆ ತೇಲತ್ತೆ?"

ಹಲಗೆಯ ಅಡಿಗೆ ತೆಳ್ಳನೆಯ ಫೋಮ್ ಹಾಳೆ ಹಾಸುತ್ತಾರೆ. ಮುಕ್ಕಾಲು ಅದನ್ನೇ ಹೇಳಬಹುದಿತ್ತು. ಆದರೆ ಕಾರ್ಯದರ್ಶಿಗಳು ಸಂಘದ ಸಭೆಗಳಲ್ಲಿ ಅಚ್ಚಗನ್ನಡವನ್ನೇ ಬಯಸುವವರು. ಅವರ ಮನಸ್ಸು ನೋಯಿಸಬಾರದೆಂದು ಅವನು ಫೋಮಿಗೆ ಕನ್ನಡ ಹುಡುಕಿದ.

"ನೊರೆ ಮೇಲೆ ಸಾರ್."

ಸ್ವಲ್ಪ ಹೊತ್ತಿನಲ್ಲೇ ಮೆಟ್ಟಿಲ ಬುಡದ ಸೂಚನಾಫಲಕದ ಮೇಲೆ ಒಂದು ಪ್ರಕಟಣೆ ಅಂಟಿತು. 'ಮೇಲಂತಸ್ತಿನ ಒಂದು ಮನೆಯಲ್ಲಿ ನೊರೆಯ ಮೇಲೆ ನೆಲವನ್ನು ತೇಲಿಬಿಡಲಾಗುತ್ತಿದೆ. ಕೆಳಗಿನ ಮನೆಗಳವರು ಬೆಲೆಬಾಳುವ ವಸ್ತುಗಳನ್ನು ಎತ್ತರದಲ್ಲಿ ಇರಿಸತಕ್ಕದ್ದು.' ಇದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ತಿದ್ದಿದ್ದರಿಂದ ಅದಕ್ಕೆ ಇನ್ನಷ್ಟು ಅಧಿಕೃತ ಕಳೆ ಬಂದು, ಓದಿದವರೆಲ್ಲ ಗಾಬರಿಯಾದರು. ಕಾರ್ಯದರ್ಶಿಗಳು ತಮ್ಮ ಮನೆಯ ಮೂಲೆಮೂಲೆಗೂ ಬಕೆಟ್ ಇಟ್ಟರು. ಟಿವಿಯ ಮೇಲೆ ಕೊಡೆ ಬಿಚ್ಚಿ ನಿಲ್ಲಿಸಿದರು. ಅವರ ಹೆಂಡತಿ ಆ ಕೊಡೆಯ ಕೆಳಗೇ ಕೂತು ಧಾರಾವಾಹಿ ನೋಡಿದರಂತೆ.

ಮೇಲೆ ಕೆಲಸ ಅತ್ಯಂತ ಶ್ರದ್ಧೆಯಿಂದ ಸಾಗಿತ್ತು. ಅವನು ಆಮೇಲೆ ನನಗೆ ಹೇಳಿದ್ದು: ಗೋಡೆಗೆ ಉಗುರು ತಾಗುವಂತೆ ಬೆರಳನ್ನು ಮಲಗಿಸುವುದು, ಬೆರಳಿನ ಬುಡದಲ್ಲಿ ಗುರುತು ಹಾಕುವುದು, ಅಲ್ಲಿಗೆ ಹಲಗೆ ಕತ್ತರಿಸುವುದು. ಒಂದು ಕೂದಲೆಳೆಯ ವ್ಯತ್ಯಾಸವೂ ಆಗದಂತೆ ನೋಡಿಕೊಂಡನಂತೆ. ಕೊನೆಗೆ ತೋರುಬೆರಳಿಗೆ ಸಿಬಿರು ಚುಚ್ಚಿ ಬಟ್ಟೆ ಸುತ್ತಬೇಕಾಗಿ ಬಂದದ್ದರಿಂದ ಕಿಟಕಿಯ ಕಡೆಗೆ ಮಾತ್ರ ನಡುಬೆರಳು ಬಳಸಿದ. ಹಾಗಾಗಿ ಆ ಕಡೆ ನೆಲಕ್ಕೆ ಉಸಿರಾಟ ಇನ್ನೂ ಧಾರಾಳ.

ಶುಕ್ರವಾರ ಬಾಗಿಲು ತೆರೆದ. "ಬನ್ನಿ, ಪಟ್ಟಿ ಹೊಡೆಯೋದೊಂದು ಬಾಕಿ," ಎಂದು ನನ್ನನ್ನೂ ಹೆಂಡತಿಯನ್ನೂ ಕರೆದ. ಮುಖ ಇಷ್ಟಗಲವಾಗಿತ್ತು.

ನೆಲ ಚೆನ್ನಾಗಿತ್ತು. ಆದರೆ ಅದು ಕೋಣೆಯ ನಡುವೆ ಇತ್ತು. ಸುತ್ತಲೂ ಗೋಡೆಗೂ ಅದಕ್ಕೂ ಸಂಬಂಧ ಕಡಿದುಹೋಗಿತ್ತು. ನಡುವೆ ಹಳೆಯ ಕಲ್ಲಿನ ನೆಲದವರೆಗೂ ಒಂದು ಕಾಲುವೆ.

ಮುಕ್ಕಾಲು ಗಂಭೀರವಾಗಿ ಒಂದು ಸ್ಕರ್ಟಿಂಗ್ ಪಟ್ಟಿ ಎತ್ತಿ ಗೋಡೆಯ ಬುಡಕ್ಕೆ ಹಿಡಿದು ಕೈ ಬಿಟ್ಟ. ಪಟ್ಟಿ ಆ ಕಾಲುವೆಯೊಳಗೆ ಹೋಗಿ ಮಲಗಿತು. ಇನ್ನೊಂದು ಹಿಡಿದ. ಅದೂ ಹೋಗಿ ಅದರ ಪಕ್ಕ ಮಲಗಿತು. ಇನ್ನೂ ಒಂದಕ್ಕೆ ಜಾಗವಿತ್ತು.

"ಇದೇನ್ರೀ," ಹೆಂಡತಿ ಮೆಲ್ಲಗೆ ಕೇಳಿದಳು, "ನೆಲ ಗೋಡೆ ಬಿಟ್ಟು ಓಡಿಹೋಗಿದೆ?"

"ಉಸಿರಾಟಕ್ಕೆ," ಎಂದ ಮುಕ್ಕಾಲು.

"ಇಷ್ಟೊಂದು ಉಸಿರು ಯಾರಿಗೆ ಬೇಕ್ರೀ?"

ಅಷ್ಟರಲ್ಲಿ ಗಂಟೆ 'ಟಿಂಗ್' ಎಂದಿತು. ಕಾರ್ಯದರ್ಶಿಗಳು ಸಂಘದ ಪರವಾಗಿ ಸ್ಥಳಪರಿಶೀಲನೆಗೆ ಬಂದಿದ್ದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದರು. ಕೋಣೆಯೊಳಗೆ ಇಣುಕಿದರು, ಬಗ್ಗಿ ನೋಡಿದರು, ಮುಟ್ಟಿ ನೋಡಿದರು. ಒಣಗಿತ್ತು. ಅವರಿಗೆ ನಿರಾಶೆಯಾಯಿತು.

"ನೊರೆ ಎಲ್ರೀ?"

"ಕೆಳಗಿದೆ ಸಾರ್."

"ಕೆಳಗೆ ಅಂದ್ರೆ ನಮ್ಮನೆ. ನಮ್ಮನೇಲಿ ಇಲ್ಲ." ಕಾಲುವೆಯ ಉದ್ದಕ್ಕೂ ಕಣ್ಣಾಡಿಸಿದರು. "ಇಷ್ಟು ಚೆನ್ನಾಗಿ ಕಾಲುವೆ ತೋಡಿದೀರಿ. ನೀರು ಬಿಡೋದು ಯಾವಾಗ?"

ಹಲಗೆಯ ಅಂಗಡಿಯವನನ್ನು ಕರೆಸಬೇಕೆಂದು ತೀರ್ಮಾನವಾಯಿತು. ಅವನು ಬಂದ. ಈ ಸಲ ಎರಡೂ ಫೋನುಗಳನ್ನು ಜೇಬಿಗೆ ಹಾಕಿದ. ಬಾಗಿಲಲ್ಲೇ ನಿಂತು ಮೂಗಿನ ಮೇಲೆ ಬೆರಳಿಟ್ಟ. ಅದೇ ಬೆರಳು.

"ಸಾರ್, ಏನಿದು?"

"ನೀವೇ ಹೇಳಿದ್ದು. ಒಂದು ಬೆರಳು," ಎಂದ ಮುಕ್ಕಾಲು.

"ಅಗಲ ಸಾರ್! ಬೆರಳಗಲ!"

"ನೀವು ನಿಲ್ಲಿಸಿ ತೋರಿಸಿದ್ರಿ. ಪೂರ್ತಿ ಬೆರಳಾ ಅಂತ ನಾನು ಬಾಯಿಬಿಟ್ಟು ಕೇಳ್ದೆ."

"ಒಂದು ಅಂತ ತೋರಿಸೋಕೆ ಬೆರಳನ್ನ ನಿಲ್ಲಿಸ್ದೆ ಮಲಗಿಸ್ತಾರಾ ಸಾರ್?"

ಪ್ರಶ್ನೆ ಸರಿಯಾದದ್ದೇ. ಕಾರ್ಯದರ್ಶಿಗಳು ತಕ್ಷಣ ತೋರುಬೆರಳು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು. ನಾನೂ ನೋಡಿದೆ. ಸದ್ದು ಕೇಳಿ ಬಂದಿದ್ದ ಪಕ್ಕದ ಮನೆಗಳವರೂ ನೋಡಿದರು. ಕೋಣೆಯ ತುಂಬ ಬೆರಳುಗಳು ಏಳುತ್ತ ಮಲಗುತ್ತ ಇದ್ದವು. ಮುಕ್ಕಾಲುವಿನ ಪರ ಒಂದು ಗುಂಪು, ಅಂಗಡಿಯವನ ಪರ ಒಂದು ಗುಂಪು ಆಯಿತು. ಬೆರಳೆಂದರೆ ಯಾರ ಬೆರಳು, ಗಂಡಸಿನದೋ ಹೆಂಗಸಿನದೋ, ಉಗುರು ಸೇರಿಸಿಯೋ ಬಿಟ್ಟೋ ಎಂದು ಉಪಪ್ರಶ್ನೆಗಳು ಹುಟ್ಟಿದವು. ಸಂಘದ ಯಾವ ವಾರ್ಷಿಕ ಸಭೆಗೂ ಇಷ್ಟು ಜನ ಬಂದದ್ದಿಲ್ಲ ಎಂದು ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ಈ ಗದ್ದಲದ ನಡುವೆ ಮುಕ್ಕಾಲುವಿನ ಹೆಂಡತಿ ಬಾಗಿಲ ಹಿಂದಿನಿಂದ ಪೊರಕೆ ತೆಗೆದುಕೊಂಡಳು. ಕಸ ಗುಡಿಸಲಿಕ್ಕಲ್ಲ. ಅದನ್ನು ತಲೆಕೆಳಗಾಗಿ ಹಿಡಿದು, ಹಿಡಿಯನ್ನು ಕೋಲಿನಂತೆ ಊರುತ್ತ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಮುದುಕಿಯಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೋದಳು. ಪೊರಕೆಯ ಹಿಡಿ ಸಂದಿನೊಳಗೆ ಇಳಿಯಿತು. ಆಕೆಯ ತೋಳು ಜಗ್ಗಿ, ದೇಹ ಒಂದು ಪಕ್ಕಕ್ಕೆ ವಾಲಿತು. ಗೋಡೆ ಹಿಡಿದು ನಿಂತುಕೊಂಡಳು.

"ಅಮ್ಮ ಗೋಡೆ ಹಿಡ್ಕೊಂಡೇ ಅಲ್ವೇನ್ರೀ ನಡೆಯೋದು," ಎಂದಳು.

ಎಲ್ಲ ಬೆರಳುಗಳೂ ಮಡಚಿಕೊಂಡವು.

"ನಾನು ಅಂದ್ಕೊಂಡೆ..." ಎಂದು ಶುರುಮಾಡಿದ ಮುಕ್ಕಾಲು ಮಾತನ್ನು ಮುಗಿಸಲಿಲ್ಲ. ಆ ಹೆಣ್ಣುಮಗಳು ಪೊರಕೆಯನ್ನು ಇದ್ದ ಜಾಗದಲ್ಲೇ ಇಟ್ಟು, ತಾಯಿಗೆಂದು ಒಗೆದು ಮಡಿಸಿಟ್ಟಿದ್ದ ಹೊದಿಕೆಯನ್ನು ಎತ್ತಿಕೊಂಡು ಒಳಕೋಣೆಯ ಕಪಾಟಿಗೆ ವಾಪಸ್ ಇಡಲು ಹೋದಳು.

ಮೊದಲು ಬಾಯಿ ತೆರೆದವನು ಅಂಗಡಿಯವನು. ಬೂದುಬಿಳಿ ಹಲಗೆ ಮುಗಿದುಹೋಗಿದೆ, ಭಾನುವಾರದೊಳಗೆ ಬರುವುದಿಲ್ಲ. ಯಾರೂ ಕೊಳ್ಳದೆ ಉಳಿದಿರುವ ಕಪ್ಪುಕಂದು ಬಣ್ಣದ ಹಲಗೆಗಳಿವೆ, ಉದ್ದುದ್ದ ಸೀಳಿ ನೆಲದ ಅಂಚಿಗೆ ಮರದ ಅಂಟಿನಿಂದ ಕೂಡಿಸಿದರೆ ಆದೀತು, ಗೋಡೆಯ ಬದಿಗೆ ಒಂದು ಬೆರಳು ಬಿಟ್ಟುಕೊಂಡು, ಎಂದ. 'ಬೆರಳು' ಎಂದಕೂಡಲೇ ಅವನೇ ಬೆಚ್ಚಿ, ಬೆರಳನ್ನು ಮಲಗಿಸಿ, ಅಗಲವನ್ನು ಇನ್ನೊಂದು ಕೈಯಿಂದ ಹಿಡಿದು ತೋರಿಸಿದ.

"ಬಿಳಿ ನೆಲಕ್ಕೆ ಕರಿ ಅಂಚಾ? ಚೆನ್ನಾಗಿರಲ್ಲ," ಎಂದರು ಕಾರ್ಯದರ್ಶಿಗಳು.

"ಕಾಲುವೆಗಿಂತ ಚೆನ್ನಾಗಿರತ್ತೆ ಸಾರ್," ಎಂದೆ ನಾನು.

ಶನಿವಾರ ಇಡೀ ದಿನ ಕೆಲಸ ನಡೆಯಿತು. ಬಾಗಿಲು ಮುಚ್ಚುವ ಅಧಿಕಾರವನ್ನು ಮುಕ್ಕಾಲು ಕಳೆದುಕೊಂಡಿದ್ದ. ಕಾರ್ಯದರ್ಶಿಗಳು ಹಲಗೆ ಹಿಡಿದುಕೊಂಡರು, ಸದ್ದು ಬೇಗ ನಿಲ್ಲಲಿ ಎಂಬ ಸ್ವಾರ್ಥದಿಂದ. ನಾನು ನನ್ನ ಡ್ರಿಲ್‌ನ ಮೇಲ್ವಿಚಾರಣೆಗೆ ನಿಂತೆ. ಮುಕ್ಕಾಲು ಒಂದೊಂದು ಪಟ್ಟಿಯನ್ನೂ ಅಳೆದು, ಮತ್ತೆ ಅಳೆದು, ನನ್ನಿಂದ ಅಳೆಸಿ ಕೂಡಿಸುತ್ತಿದ್ದ. ಕರಿಯ ಅಂಚು ಒಂದು ಕಡೆ ಕೂತಮೇಲೆ ಅದರ ಮೇಲೆ ಗೋಡೆಗೆ ಬಿಳಿಯ ಸ್ಕರ್ಟಿಂಗ್. ಮೂಲೆಯಲ್ಲಿ ಎರಡು ಪಟ್ಟಿಗಳು ಕೂಡುವಲ್ಲಿ ಎರಡನ್ನೂ ಓರೆಯಾಗಿ ಕತ್ತರಿಸಬೇಕು. ಅವನು ಮೊದಲ ಮೂಲೆಗೆ ಓರೆಯನ್ನು ತಿರುವುಮುರುವು ಕತ್ತರಿಸಿದ್ದರಿಂದ ಪಟ್ಟಿಗಳು ಜಗಳವಾಡಿದ ದಾಯಾದಿಗಳಂತೆ ಬೆನ್ನು ಮಾಡಿ ನಿಂತವು. ಮತ್ತೆ ಕತ್ತರಿಸಿದ. ಬೈಸಿಕೊಂಡ. ಮತ್ತೆ ಕತ್ತರಿಸಿದ. ಸುಮ್ಮನೆ ತಲೆ ಬಗ್ಗಿಸಿ ಇಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದನ್ನು ಅವನ ಹೆಂಡತಿಯೇ ಕಂಡಿರಲಿಲ್ಲ.

ಆದರೂ ಭಾನುವಾರ ಬೆಳಿಗ್ಗೆ 'ಟಿಂಗ್' ಎಂದಾಗ ಕರಿಯ ಅಂಚು ಮೂರು ಕಡೆ ಮಾತ್ರ ಆಗಿತ್ತು. ಕಿಟಕಿಯ ಕಡೆ, ಆ ನಡುಬೆರಳಿನ ಕಡೆ, ಕಾಲುವೆ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ನಾಲ್ಕರಲ್ಲಿ ಮೂರು ಎಂದರೆ ಎಷ್ಟು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಭಾವ ಒಳಗೆ ಬಂದ. ಹಿಂದೆ ಅತ್ತೆ, ಕೋಲು ಊರಿಕೊಂಡು. ಆಸ್ಪತ್ರೆಯಲ್ಲಿ ಕಂಡದ್ದಕ್ಕಿಂತ ಇನ್ನೂ ಸಣ್ಣಗಾಗಿದ್ದರು. ಭಾವ ನೇರ ಕೋಣೆಯ ನಡುವೆ ಹೋಗಿ, ಲಿಫ್ಟಿನಲ್ಲಿ ಮಾಡುವಂತೆ, ಜೋಡುಗಾಲಲ್ಲಿ ಎರಡು ಸಲ ಕುಪ್ಪಳಿಸಿದ.

"ಯಾರ್ರೀ ಅದು ಮೇಲೆ!" ಎಂದು ಕಾರ್ಯದರ್ಶಿಗಳು ಕೂಗಿದರು. ಅವರು ಅದೇ ಕೋಣೆಯಲ್ಲಿ ಹಲಗೆ ಹಿಡಿದು ನಿಂತಿದ್ದರು. ಅಭ್ಯಾಸಬಲ.

ಭಾವ ಗೋಡೆಯ ಬದಿಗೆ ತಿರುಗಿದ. ಕರಿಯ ಅಂಚನ್ನು ನೋಡಿದ. "ಇದೇನು ಈ ಬಣ್ಣ?" ಬೆರಳಿನ ಕಥೆಯನ್ನು ಎಲ್ಲಿಂದ ಶುರುಮಾಡುವುದು?

ಅಷ್ಟರಲ್ಲಿ ಅತ್ತೆ ನಡೆಯಲು ಹೊರಟಿದ್ದರು. ಬಾಗಿಲಿನಿಂದ ಎಡಕ್ಕೆ ತಿರುಗಿ, ತಲೆ ಬಗ್ಗಿಸಿ, ಆ ಕರಿಯ ಅಂಚಿನ ಮೇಲೆಯೇ ಕೋಲು ಊರುತ್ತ ಹೋದರು. ಗೋಡೆ ಹಿಡಿಯಲಿಲ್ಲ. ಮೊದಲ ಮೂಲೆಯಲ್ಲಿ ತಾವಾಗಿಯೇ ತಿರುಗಿದರು. ಮಗಳು ಹಿಂದೆಯೇ ಕೈ ಚಾಚಿಕೊಂಡು ಹೋಗುತ್ತಿದ್ದಳು, ಮುಟ್ಟದೆ.

"ಇದು ಕಾಣತ್ತೆ," ಎಂದರು ಅತ್ತೆ. "ಗೋಡೆಯೂ ಬೆಳ್ಳಗೆ, ನೆಲವೂ ಬೆಳ್ಳಗೆ ಇದ್ರೆ ನಂಗೆ ಯಾವುದು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ಇದು ಕಾಣತ್ತೆ. ಯಾರು ಹೇಳಿದ್ದು ಹೀಗೆ ಹಾಕೋಕೆ?"

ಅಂಗಡಿ, ಬೆರಳು, ಕಾಲುವೆ ಎಲ್ಲವನ್ನೂ ಬಲ್ಲ ನಾವು ಮುಕ್ಕಾಲುವಿನ ಕಡೆ ನೋಡಿದೆವು. ಅವನು ಸುಳ್ಳು ಹೇಳಲಾರದೆ, "ಯಾರೂ ಹೇಳ್ಲಿಲ್ಲ ಅತ್ತೆ. ಆಗೋಯ್ತು," ಎಂದ.

ಅತ್ತೆ ಮೂರನೆಯ ಕಡೆಯನ್ನೂ ಮುಗಿಸಿ ಮೂಲೆಗೆ ಬಂದರು. ಕೋಲು ಮುಂದಕ್ಕೆ ಹೋಯಿತು. ಕೋಲಿನ ತುದಿ ಸಂದಿನ ಅಂಚನ್ನು ತಟ್ಟಿತು, ಒಳಗಿಳಿದು ಕಲ್ಲಿಗೆ ತಾಗಿತು, ಮತ್ತೆ ಮೇಲೆ ಬಂತು. ಅವರು ನಿಂತರು.

"ಇಲ್ಲಿಗೆ ಮುಗೀತಾ?"

"ಇಲ್ಲ ಅತ್ತೆ. ಇದೊಂದು ಕಡೆ ಬಾಕಿ ಇದೆ."

"ಸಾಕು," ಎಂದ ಭಾವ. "ನಿಮಗೆ ಆ ಹೆಸರಿಟ್ಟವರು ಸುಮ್ಸುಮ್ನೆ ಇಟ್ಟಿಲ್ಲ. ನಡಿ ಅಮ್ಮ. ಕಾರು ಕೆಳಗೇ ನಿಂತಿದೆ. ಅಲ್ಲಿ ಕಾಯ್ತಿರ್ತಾರೆ."

ಅತ್ತೆ ನಡೆದರು. ಬಾಗಿಲಿಗಲ್ಲ, ಅವರಿಗೆಂದು ಗೋಡೆಯಿಂದ ದೂರ ಹಾಕಿದ್ದ ಮಂಚಕ್ಕೆ. ಕೂತು, ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು.

"ಮಗಾ, ಅರ್ಧ ಆಗಿರೋ ಲಿಫ್ಟನ್ನ ನೀನು ಏನು ಮಾಡ್ತೀಯ?"

"ಏನಮ್ಮ?"

"ಪಾಸ್ ಮಾಡ್ತೀಯಾ?"

"ಇಲ್ಲ."

"ಫೇಲ್ ಮಾಡ್ತೀಯಾ?"

ಭಾವನಿಗೆ ದಾರಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಿತು. ಆದರೆ ನಿಯಮ ಅವನದೇ. "ಇಲ್ಲ," ಎಂದ.

"ಹಾಗಾದ್ರೆ ಇದು ಮುಗಿದ ಮೇಲೆ ಬಂದು ನೋಡು. ಪಾಸೋ ಫೇಲೋ ಆಗ ಹೇಳು. ಅಲ್ಲೀವರೆಗೆ ನಾನು ಇಲ್ಲಿ ಕೂತಿರ್ತೀನಿ."

"ಅಮ್ಮ, ನಮ್ಮನೇಲಿ ಏನು ಕಡಿಮೆ ಮಾಡಿದ್ವಿ ನಿಂಗೆ?" ಭಾವನ ದನಿ ಮೊದಲ ಸಲ ಸಣ್ಣದಾಯಿತು.

"ಏನೂ ಕಡಿಮೆ ಇರ್ಲಿಲ್ಲ ಕಣೋ. ಅದೇ ಕಷ್ಟ. ನಿನ್ ಮನೇಲಿ ಎಲ್ಲಾ ಸರಿಯಾಗಿದೆ. ಸರಿ ಇಲ್ದೇ ಇರೋಳು ನಾನೊಬ್ಳೇ. ಇಲ್ಲಿ ನೋಡು," ಎಂದು ಕೋಲಿನಿಂದ ಸುಮ್ಮನೆ ಸುತ್ತ ತೋರಿಸಿದರು. ಬಾಗಿಲಿಲ್ಲದ ಕಪಾಟು, ಕಿಟಕಿಯಾಚೆ ಬಾಲ್ಕನಿಯ ಅರೆನೀಲಿ ಗೋಡೆ, ಹಲಗೆ ಹಿಡಿದ ಕಾರ್ಯದರ್ಶಿ, ನಾನು. "ಇಲ್ಲಿ ನಾನೂ ಹೊಂದ್ಕೋತೀನಿ."

ಮಗಳು ತಾಯಿಯ ತೊಡೆಯ ಮೇಲೆ ಮುಖವಿಟ್ಟು ಅತ್ತುಬಿಟ್ಟಳು. ಭಾವ ಕಿಟಕಿಯ ಕಡೆಯ ಸಂದನ್ನು ಇನ್ನೊಮ್ಮೆ ನೋಡಿದ. ಆಮೇಲೆ, "ಮುಗಿದ ಕೂಡ್ಲೇ ಫೋನ್ ಮಾಡಿ," ಎಂದು ಹೊರಟುಹೋದ.

ಆ ದಿನವೇ ಕಿಟಕಿಯ ಕಡೆಯ ಅಂಚನ್ನು ಕೂಡಿಸಿದೆವು. ಕಾಲುವೆ ಮುಚ್ಚಿತು. ಮರುದಿನ ಮೂರು ಮೂಲೆಗಳಿಗೂ ಸ್ಕರ್ಟಿಂಗ್ ಸರಿಯಾಗಿ ಕೂತಿತು. ಉಳಿದದ್ದು ಬಾಗಿಲ ಹಿಂದಿನ ಮೂಲೆ, ಒಂದು ಗೇಣಿನಷ್ಟು. ಅದಕ್ಕೂ ಮುಕ್ಕಾಲು ತುಂಡು ಕತ್ತರಿಸಿದ. ಓರೆ ಸರಿಯಾಗಿ ಬಂತು. ತೂತು ಕೊರೆದ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಮೊಣಕಾಲೂರಿ, ತುಂಡನ್ನು ಗೋಡೆಗೆ ಹಿಡಿದ. ಕೂದಲೂ ಹೋಗದಷ್ಟು ಚೆನ್ನಾಗಿ ಕೂತಿತು. ಒಬ್ಬ ಮನುಷ್ಯನ ಬಾಳಿನ ಮೊದಲ ಪೂರ್ಣ ಕೆಲಸಕ್ಕೆ ಸಾಕ್ಷಿಯಾಗಲು ನಾನು ಕನ್ನಡಕ ಒರೆಸಿಕೊಂಡೆ.

ಆಗ ಫೋನು ಬಂತು. ಹೆಂಡತಿ ಅದನ್ನು ಅವನ ಕಿವಿಗೆ ಹಿಡಿದಳು. ಭಾವನ ದನಿ ನಮಗೆಲ್ಲ ಕೇಳಿಸಿತು.

"ಮುಗೀತಾ?"

ಮುಕ್ಕಾಲು ಕೈಯಲ್ಲಿದ್ದ ತುಂಡನ್ನು ನೋಡಿದ. ಮಂಚದ ಮೇಲೆ ಕೂತಿದ್ದ ಅತ್ತೆ ಕೋಲನ್ನು ಬಿಗಿಯಾಗಿ ಹಿಡಿದು ದನಿ ಬಂದ ಕಡೆಗೇ ಮುಖ ಮಾಡಿದ್ದರು. ಮುಕ್ಕಾಲು ತುಟಿಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದ.

"ಮುಕ್ಕಾಲು ಆಗಿದೆ ಭಾವ," ಎಂದ. ತುಂಡನ್ನು ಮಂಚದ ಕೆಳಕ್ಕೆ ಸರಿಸಿದ.

ಅದಾಗಿ ಎಷ್ಟೋ ತಿಂಗಳುಗಳಾದವು. ಅತ್ತೆ ದಿನವೂ ಆ ಕರಿಯ ಅಂಚಿನ ಮೇಲೆ ಕೋಣೆಯನ್ನು ಸುತ್ತು ಹಾಕುತ್ತಾರೆ. ಕೋಲಿನ ಸದ್ದು ಕೆಳಗೆ ಕೇಳಿಸುತ್ತದೆ. ಕಾರ್ಯದರ್ಶಿಗಳು ಇದುವರೆಗೆ ದೂರು ಕೊಟ್ಟಿಲ್ಲ, ಕೇಳಿಸದ ದಿನ ಮಾತ್ರ ಮೇಲೆ ಬಂದು ವಿಚಾರಿಸಿ ಹೋಗುತ್ತಾರೆ. ಭಾವನೂ ಬರುತ್ತಿರುತ್ತಾನೆ. ಮೊದಲು ಬಾಗಿಲ ಹಿಂದೆ ಇಣುಕುತ್ತಾನೆ. ಅಲ್ಲಿ ಗೋಡೆಗೂ ನೆಲಕ್ಕೂ ನಡುವೆ ಸಂದು ಹಾಗೆಯೇ ಇರುತ್ತದೆ, ಸರಿಯಾಗಿ ಒಂದು ಬೆರಳಗಲ. "ಇನ್ನೂ ಮುಗಿದಿಲ್ವಾ?" ಎಂದು ಬೈಯುತ್ತಾನೆ. ಅಮ್ಮನ ಪಕ್ಕ ಕೂತು ಕಾಫಿ ಕುಡಿಯುತ್ತಾನೆ. ಹೋಗುತ್ತಾನೆ.

ಕಳೆದ ಸಲ ಬಂದಾಗ ನಾನೂ ಅಲ್ಲಿದ್ದೆ. ಕಸ ಗುಡಿಸುವಾಗಲೋ ಏನೋ, ಆ ಗೇಣುದ್ದದ ತುಂಡು ಮಂಚದ ಕೆಳಗಿನಿಂದ ಹೊರಗೆ ಇಣುಕುತ್ತಿತ್ತು. ಭಾವ ಅದನ್ನು ನೋಡಿದ. ಓರೆ ನೋಡಿದ, ತೂತು ನೋಡಿದ. ಎಲ್ಲ ಸರಿಯಾಗಿರುವುದನ್ನು ಕಂಡುಹಿಡಿಯುವುದೇ ಅವನ ಉದ್ಯೋಗ. ಕಾಫಿ ಕುಡಿಯುತ್ತ, ಅಮ್ಮನ ಜೊತೆ ಮಾತಾಡುತ್ತ, ಕಾಲಿನಿಂದ ಮೆಲ್ಲಗೆ ಅದನ್ನು ಮಂಚದ ಕೆಳಕ್ಕೆ, ಕಾಣದಷ್ಟು ಒಳಕ್ಕೆ, ತಳ್ಳಿದ.

ನನ್ನ ಡ್ರಿಲ್ ಇನ್ನೂ ಅವರ ಮನೆಯಲ್ಲೇ ಇದೆ. ಕೆಲಸ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದಾನೆ. ನಾನು ಕೇಳಲು ಹೋಗಿಲ್ಲ.